ಮೂರನೆಯ ಮಹಡಿ, ಬಲಬಾಗಿಲು

ಸೈಕಲ್ ನಿಲ್ಲಿಸುವ ಚಪ್ಪರದಡಿ ಅಮ್ರಾ ಅಗಲವಾದ ತಗಡಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಒಂದೇ ಕೈಯಲ್ಲಿ ಬೀಗ ಹಾಕಲು ಒದ್ದಾಡುತ್ತಿರುವುದು ಗೇಟಿನಿಂದಲೇ ಟೋರ್ಕಿಲ್ ಕ್ವಿಸ್ಟನ ಕಣ್ಣಿಗೆ ಬಿತ್ತು. ಡಬ್ಬಿಯಲ್ಲಿ ಏನಿದೆಯೆಂದು ಕೇಳಬೇಕಾಗಿರಲಿಲ್ಲ. ಇವತ್ತು ಶುಕ್ರವಾರ. ಎಡವಟ್ಟು ಮಾಡಿದವರು ಶುಕ್ರವಾರ ಎರಡು ಗಂಟೆಗೆ ಎಲ್ಲರಿಗೂ ಕೇಕ್ ತರಬೇಕು, ಅದೂ ಮನೆಯಲ್ಲೇ ಮಾಡಿದ್ದು. ಅಂಗಡಿಯದು ತಂದು ಮೋಸ ಮಾಡಿದರೆ ಮುಂದಿನ ಶುಕ್ರವಾರ ಇನ್ನೊಂದು. ಈ ಕಚೇರಿಯಲ್ಲಿ ಯಾವ ಕಾನೂನು ಮುರಿದರೂ ಇದೊಂದನ್ನು ಯಾರೂ ಮುರಿಯುತ್ತಿರಲಿಲ್ಲ. ಟೋರ್ಕಿಲ್ ಹೋಗಿ ಡಬ್ಬಿ ಹಿಡಿದುಕೊಳ್ಳಬಹುದಿತ್ತು. ಐವತ್ತೆರಡರ ಗಂಡಸು, ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವನು, ಅವಳ ಕೆಲಸ ನೋಡಿ ತಿದ್ದಬೇಕಾದ ಹಿರಿಯ. ಎರಡು ಹೆಜ್ಜೆ ಮುಂದೆ ಹೋಗಿ ‘ಕೊಡು ಇಲ್ಲಿ’ ಅಂದಿದ್ದರೆ ಸಾಕಿತ್ತು. ಬದಲಿಗೆ ಅವನು ಸೈಕಲ್ಲಿನಿಂದ ಇಳಿದು, ಗಾಳಿ ತುಂಬಿ ಗಟ್ಟಿಯಾಗಿಯೇ ಇದ್ದ ಮುಂದಿನ ಚಕ್ರವನ್ನು ಬಗ್ಗಿ ಒತ್ತಿ ನೋಡತೊಡಗಿದ. ನವೆಂಬರಿನ ಬೆಳಗು, ಬೆಳಕು ಬರಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿತ್ತು. ಆ ಮಬ್ಬಿನಲ್ಲಿ ತನ್ನ ಮುಖ ಕಾಣಲಿಕ್ಕಿಲ್ಲ ಎಂದುಕೊಂಡ.

“ಪಂಕ್ಚರಾ?” ಹಿಂದಿನಿಂದ ಬಂದ ಸಹೋದ್ಯೋಗಿ ಆಸ್ಗರ್ ಕೂಗಿದ. ಆಸ್ಗರನ ಗಂಟಲಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ.

“ಇಲ್ಲ ಇಲ್ಲ, ಸುಮ್ನೆ.”

“ಸುಮ್ಸುಮ್ನೆ ಯಾರಾದ್ರೂ ಟೈರ್ ಅಮುಕ್ತಾರೇನೋ? ವಯಸ್ಸಾಯ್ತು ಮಾರಾಯ ನಿಂಗೆ.” ಅಷ್ಟರಲ್ಲಿ ಅವನ ಕಣ್ಣು ಚಪ್ಪರದ ಕಡೆ ಹೋಯಿತು. “ಓ ಅಮ್ರಾ! ಎಷ್ಟು ದೊಡ್ಡ ಡಬ್ಬಿ! ತಪ್ಪೂ ಅಷ್ಟೇ ದೊಡ್ಡದಲ್ವಾ, ಅಳತೆ ಸರಿಯಾಗೇ ಇದೆ ಬಿಡು.”

ಅಮ್ರಾ ತಿರುಗಿದಳು. ಅವಳು ನೋಡಿದ್ದು ಆಸ್ಗರನನ್ನಲ್ಲ. ಬಗ್ಗಿ ಚಕ್ರ ಹಿಡಿದುಕೊಂಡಿದ್ದ ಟೋರ್ಕಿಲನನ್ನು ಒಂದು ಗಳಿಗೆ ನೋಡಿ, “ಶುಭೋದಯ” ಅಂದು ಒಳಗೆ ಹೋದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಸೋಮವಾರದಿಂದ ಅವಳು ಹೀಗೆಯೇ ನೋಡುತ್ತಿದ್ದಳು, ಅಂಗಡಿಯ ಕಟ್ಟೆಯೆದುರು ನಿಂತು ತನ್ನ ಸರದಿಗಾಗಿ ಸುಮ್ಮನೆ ಕಾಯುವವರ ಹಾಗೆ. ಸರದಿ ಬಂದೇ ಬರುತ್ತದೆ ಎಂಬ ನಂಬಿಕೆ ಇರುವವರು ಮಾತ್ರ ಹಾಗೆ ಕಾಯುತ್ತಾರೆ, ಅದೇ ಅವನನ್ನು ತಿನ್ನುತ್ತಿತ್ತು.

ಸೋಮವಾರವೂ ಆಸ್ಗರನ ನಗೆಯಿಂದಲೇ ಶುರುವಾದದ್ದು. ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆತಂದು ಮತ್ತೆ ಮನೆ ಮುಟ್ಟಿಸುವ ಗಾಡಿಗಳಿವೆಯಲ್ಲ, ಯಾವ ಗಾಡಿ ಯಾವ ಬಾಗಿಲಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೇಳುವ ಸೇವೆಯನ್ನು ಬರೆದು ನಡೆಸುವುದು ಇವರ ಕೆಲಸ. ಆಸ್ಪತ್ರೆಯ ಕಂಪ್ಯೂಟರು ಪಟ್ಟಿ ಕಳಿಸುತ್ತದೆ, ಇವರ ಕಂಪ್ಯೂಟರು ನಿಲುಗಡೆಗಳನ್ನು ಜೋಡಿಸಿ ಉತ್ತರ ಕೊಡುತ್ತದೆ. ಒಂದು ನಿಲುಗಡೆ ಕಾಣೆಯಾಗಿದೆ ಎಂದು ದೂರು ಬಂದಿತ್ತು. ಆಸ್ಗರ್ ನಿಲುಗಡೆಗಳನ್ನು ಓದಿಕೊಳ್ಳುವ ಕೋಡಿನ ಸಾಲನ್ನು ಗೋಡೆಯ ದೊಡ್ಡ ಪರದೆಯ ಮೇಲೆ ತೆರೆದು, ಅದನ್ನು ಕೊನೆಯದಾಗಿ ಮುಟ್ಟಿದವರು ಯಾರೆಂದು ತೋರಿಸುವ ಗುಂಡಿ ಒತ್ತಿದ. ಅಮ್ರಾ ದೆಲಿಚ್, ಆರು ವಾರದ ಹಿಂದೆ. “ಅಮ್ರಾ, ಕೇಕ್!” ಎಂದ. ಎಲ್ಲರೂ ನಕ್ಕರು, ಟೋರ್ಕಿಲನೂ ನಕ್ಕ. ನಗುವಾಗ ಸಾಲಿನ ಕಡೆ ಅವನು ನೋಡಿಯೂ ಇರಲಿಲ್ಲ. ನೋಡಿದಾಗ ಬಾಯಿ ಇನ್ನೂ ತೆರೆದೇ ಇತ್ತು, ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಅಲ್ಲಿ ಬರೀ ಅಕ್ಷರ ಬದ್ಲಾಯಿಸಿದ್ದು,” ಅಂದಳು ಅಮ್ರಾ. “ಎಲ್ರೂ ಹಂಗೇ ಅನ್ನೋದು!” ಅಂದ ಆಸ್ಗರ್, ಮತ್ತೆ ನಗೆ. ಆಗ ಮುಖ್ಯಸ್ಥೆ ವಿಬೆಕೆ ಕೈಯಲ್ಲಿ ಕಾಗದ ಹಿಡಿದು ಒಳಗೆ ಬಂದಳು. ಕಾಣೆಯಾದ ನಿಲುಗಡೆ ಎಪ್ಪತ್ತೊಂದು ವರ್ಷದ ಒಬ್ಬ ಮನುಷ್ಯ. ಡಯಾಲಿಸಿಸ್ಸಿಗೆ ಹೊಸಬ. ಮಂಗಳವಾರ, ಗುರುವಾರ, ಶನಿವಾರ, ಮೂರು ದಿನವೂ ಕೋಟು ತೊಟ್ಟು ಕಾದಿದ್ದಾನೆ. ಭಾನುವಾರ ತಂಗಿಯ ಮಗಳು ಹೋಗಿ ನೋಡಿದಾಗ ಉಸಿರಾಡಲಾಗದೆ ನೆಲದ ಮೇಲಿದ್ದ. ಫೋನ್ ಯಾಕೆ ಮಾಡಲಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಅವನು ಹೇಳಿದ ಮಾತನ್ನು ವರದಿಯಲ್ಲಿ ಹಾಗೆಯೇ ಬರೆದಿದ್ದರು, ವಿಬೆಕೆ ಗಟ್ಟಿಯಾಗಿ ಓದಿದಳು: “ಕಿಟಕಿಯಿಂದ ನೋಡ್ತಾ ಇದ್ದೆ. ಗಾಡಿ ಬಂತು. ಕೆಳಗಿನ ಮನೆಯವರನ್ನ ಹತ್ತಿಸ್ಕೊಂಡು ಹೋಯ್ತು. ನಂಗೆ ಜಾಗ ಇಲ್ವೇನೋ ಅಂದ್ಕೊಂಡೆ.” ಕೋಣೆಯಲ್ಲಿ ಯಾರೂ ನಗಲಿಲ್ಲ. ಆದರೆ ಕೇಕನ್ನು ಅಮ್ರಾಳ ತಲೆಯಿಂದ ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳು ಟೋರ್ಕಿಲನ ಕಡೆ ತಿರುಗಿದಳು, ಅವನು ಕಾಫಿಯ ಲೋಟದೊಳಗೆ ನೋಡಿದ.

ಸಾಲು ಅವನದು. ನಾಲ್ಕು ವರ್ಷದ ಹಿಂದೆ ಅವನೇ ಬರೆದದ್ದು. ನಿಲುಗಡೆಗಳು ಎಂಬ ಹೆಸರಿನ ಪಕ್ಕದಲ್ಲಿ, ಇಲ್ಲಿಗೆ ಬರುವ ವಸ್ತು ಇಂಥದ್ದೇ ಆಗಿರಬೇಕೆಂದು ಹೇಳುವ ಟೈಪ್ ಸೂಚನೆ: ಒಂದು ಗಣ, ಆ ಗಣದ ತುಂಬ ಎರಡೆರಡು ತುಂಡಿನ ಟ್ಯೂಪಲ್ಲುಗಳು. ಟ್ಯೂಪಲ್ ಅಂದರೆ ಕಟ್ಟಿಟ್ಟ ಗಂಟು. ಇಷ್ಟೇ ತುಂಡು, ಇದೇ ಕ್ರಮ, ಗಂಟು ಬಿದ್ದ ಮೇಲೆ ಇನ್ನೊಂದನ್ನು ಒಳಗೆ ತುರುಕಲಾಗದು. ಮೊದಲ ತುಂಡು ರಸ್ತೆಯ ಹೆಸರು, ಎರಡನೆಯದು ಕಟ್ಟಡದ ಸಂಖ್ಯೆ. ಗಣವೋ, ಶಾಲೆಯ ಗಣಿತದಲ್ಲಿದ್ದ ಗಣವೇ, ಒಂದೇ ವಸ್ತು ಎರಡು ಸಲ ಬಂದರೆ ಎರಡನೆಯದನ್ನು ಇಟ್ಟುಕೊಳ್ಳುವುದಿಲ್ಲ. ಬೇರೆ ಕಡೆ ಟೈಪ್ ಸೂಚನೆ ಓದುವವರಿಗೆ ಸುಳಿವು ಅಷ್ಟೇ, ಯಂತ್ರ ಅದನ್ನು ಲೆಕ್ಕಕ್ಕಿಡುವುದಿಲ್ಲ. ಇವರು ಬಳಸುವ ತಂತ್ರಾಂಶದ ಚೌಕಟ್ಟಿನಲ್ಲಿ ಹಾಗಲ್ಲ, ಸೂಚನೆಯೇ ಆಜ್ಞೆ. ಗಣ ಎಂದು ಬರೆದರೆ ಬಂದ ಪಟ್ಟಿಯನ್ನು ಅದು ಗಣ ಮಾಡಿ, ಮಿಕ್ಕದ್ದನ್ನು ಸದ್ದಿಲ್ಲದೆ ಆಚೆ ಎಸೆಯುತ್ತದೆ. ಎಚ್ಚರಿಕೆಯಿಲ್ಲ, ಕೆಂಪು ಗುರುತಿಲ್ಲ. ಟೈಪು ಪರೀಕ್ಷಿಸುವ ಸಾಧನವೂ ಹಸಿರು ತೋರಿಸಿ ಸುಮ್ಮನಾಗುತ್ತದೆ; ಎರಡು ಬರಹದ ತುಂಡು ಕೇಳಿದ್ದಿ, ಎರಡು ಬಂದಿವೆ, ಇನ್ನೇನು ಬೇಕು ನಿನಗೆ? ಒಂದೇ ಕಟ್ಟಡದ, ಒಂದೇ ಮೆಟ್ಟಿಲಸಾಲು ಹತ್ತಿಳಿಯುವ ಇಬ್ಬರು ರೋಗಿಗಳು ಆ ಸಾಲಿನ ಕಣ್ಣಿಗೆ ಒಬ್ಬರೇ. ನಾಲ್ಕು ವರ್ಷ ಅಂಥ ಇಬ್ಬರು ಬರಲಿಲ್ಲ, ಇಲ್ಲವೇ ಬಂದದ್ದು ಗೊತ್ತಾಗಲಿಲ್ಲ. ಈ ಎರಡನೆಯ ಯೋಚನೆ ಬಂದಾಗಲೆಲ್ಲ ಟೋರ್ಕಿಲ್ ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತಿದ್ದ.

ಬರೆದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ಆಸ್ಪತ್ರೆಯ ದಾದಿಯರು ಅವಸರದಲ್ಲಿ ಒಂದೇ ಗುಂಡಿಯನ್ನು ಎರಡು ಸಲ ಒತ್ತಿಬಿಡುತ್ತಿದ್ದರು, ಒಂದೇ ಬಾಗಿಲಿಗೆ ಎರಡು ಗಾಡಿ ಹೋಗಿ ನಿಲ್ಲುತ್ತಿದ್ದವು. ಎಲ್ಲರೂ ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದಾಗ ಇವನು ಪಟ್ಟಿ ಎಂದಿದ್ದ ಕಡೆ ಗಣ ಎಂದು ತಿದ್ದಿ, ಆಸ್ಪತ್ರೆಯವರಿಗೆ ವಿಳಾಸದ ಎರಡೇ ತುಂಡು ಕಳಿಸಿ ಸಾಕು ಎಂದು ತಿಳಿಸಿದ. ಒಂದು ಸಾಲು! ಆಗ ವಿಬೆಕೆ ಎದ್ದು ಚಪ್ಪಾಳೆ ತಟ್ಟಿದ್ದಳು. ಮಹಡಿ ಯಾವುದು, ಎಡಬಾಗಿಲೋ ಬಲಬಾಗಿಲೋ ಎಂಬುದು ಅವನ ತಲೆಗೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂದು ಈ ವಾರವೆಲ್ಲ ಕೆದಕಿ ಕೆದಕಿ ಅವನು ತಲುಪಿದ್ದು ಆ ವರ್ಷದ ವಸಂತಕ್ಕೆ. ಆಗಷ್ಟೇ ಅವನೂ ಹೆಂಡತಿ ಲೋನೆಯೂ ಊರ ದಕ್ಷಿಣಕ್ಕೆ, ಕಡಲಿನ ಕಡೆ, ಕೆಂಪು ಹೆಂಚಿನ ಸ್ವಂತ ಮನೆಗೆ ಬಂದಿದ್ದರು. ಸೇಬಿನ ಮರ ಎರಡು, ಬೇಲಿಗೆ ಬಿಳಿ ಬಣ್ಣ. ವಿಳಾಸ ಬದಲಾವಣೆಯ ಅರ್ಜಿ ತುಂಬುವಾಗ ರಸ್ತೆ, ಸಂಖ್ಯೆ ಬರೆದು, ಅದರ ಮುಂದಿನ ಎರಡು ಖಾನೆಗಳನ್ನು, ಮಹಡಿ ಮತ್ತು ಕಡೆ, ಖಾಲಿ ಬಿಟ್ಟ. ಆ ಎರಡು ಖಾನೆ ಖಾಲಿ ಬಿಟ್ಟಾಗ ಆದ ಸುಖವನ್ನು ಅವನು ಯಾರಿಗೂ ಹೇಳಿರಲಿಲ್ಲ, ಲೋನೆಗೂ ಹೇಳಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಯಾರ ಮೇಲೂ ಇರಲಿಲ್ಲ, ಯಾರ ಕೆಳಗೂ ಇರಲಿಲ್ಲ. ನಗೆ ಬರಬೇಕಾದ ಸಂಗತಿಯೆಂದರೆ ಅವನು ಹುಟ್ಟಿ ಬೆಳೆದದ್ದೇ ಹಳದಿ ಇಟ್ಟಿಗೆಯ ಕಟ್ಟಡದ ಮೂರನೆಯ ಮಹಡಿಯ ಬಲಬಾಗಿಲಲ್ಲಿ. ಒಂದು ಮೆಟ್ಟಿಲಸಾಲಿಗೆ ಎಂಟು ಮನೆ, ಪ್ರತಿ ಮಹಡಿಯಲ್ಲಿ ಎಡಕ್ಕೊಂದು, ಬಲಕ್ಕೊಂದು. ಅಂಗಳದ ಹುಡುಗರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಏ ಮೂರು ಬಲ, ಬಾರೋ’ ಎನ್ನುತ್ತಿದ್ದರು. ಮಹಡಿ ಬರೆಯದ ಕಾಗದಗಳನ್ನು ಅಂಚೆಯವನು ಕೆಳಗೆ ಪೆಟ್ಟಿಗೆಗಳ ನೆತ್ತಿಯ ಮೇಲೆ ಇಟ್ಟುಹೋಗುತ್ತಿದ್ದ; ಆಸ್ಪತ್ರೆಯ ನೆಲ ಒರೆಸಿ ಬಂದ ಅಮ್ಮ ಒದ್ದೆ ಬೆರಳಿನಿಂದ ಅವನ್ನು ಒಂದೊಂದಾಗಿ ತಿರುವಿ, ತನ್ನದಲ್ಲದ್ದನ್ನು ಅಂದವಾಗಿ ಜೋಡಿಸಿಟ್ಟು ಮೇಲೆ ಹತ್ತುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಯಿತು. ಎಲ್ಲ ಗೊತ್ತಿದ್ದವನಿಗೇ ಗೊತ್ತಿಲ್ಲದೆ ಹೋದದ್ದು ಮರೆವಲ್ಲ, ಅದನ್ನು ಅವನು ಬೇಕೆಂದೇ ಹಿಂದೆ ಬಿಟ್ಟು ಬಂದಿದ್ದ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅಮ್ರಾ ಸೇರಿದ ಎರಡನೆಯ ತಿಂಗಳಲ್ಲಿ ಅವಳಿಗೆ ಕೊಟ್ಟದ್ದು ಕೋಡಿನ ಕಸ ಗುಡಿಸುವ ಕೆಲಸ, ಹೊಸಬರಿಗೆಲ್ಲ ಕೊಡುವಂಥದ್ದು. ಗಣ, ಪಟ್ಟಿ, ಟ್ಯೂಪಲ್ ಎಂಬ ಸೂಚನೆಗಳನ್ನು ಹಿಂದೆ ದೊಡ್ಡಕ್ಷರದಲ್ಲಿ ಬರೆದು ಎಲ್ಲಿಂದಲೋ ತರಿಸಿಕೊಳ್ಳಬೇಕಿತ್ತು. ಭಾಷೆಯ ಹೊಸ ಆವೃತ್ತಿಯಲ್ಲಿ ಚಿಕ್ಕಕ್ಷರವೇ ಸಾಕು. ಸಾವಿರದ ಇನ್ನೂರು ಕಡೆ ಅವಳು ದೊಡ್ಡಕ್ಷರವನ್ನು ಚಿಕ್ಕದು ಮಾಡಿದಳು. ಹಾಗಾಗಿ ಅರ್ಧ ಕಚೇರಿಯ ಪಾಪ ಈಗ ಅವಳ ಹೆಸರಿನಲ್ಲಿದೆ. ಕೋಡಿನ ಇತಿಹಾಸದಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ನೋಡಿದರೆ ಹಳಬರೆಲ್ಲ ಸಾಲಾಗಿ ಸಿಕ್ಕುತ್ತಾರೆ, ಆದರೆ ಸೋಮವಾರ ಯಾರೂ ಇಳಿಯಲಿಲ್ಲ. ಆ ಒಂದು ಸಾಲಿಗೆ ಬಂದಾಗ ಅವಳು ನಿಂತಿದ್ದಳು. ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದಳು: “ಇಲ್ಲಿ ಮಹಡಿ, ಎಡ-ಬಲ ಬೇಡ್ವಾ? ನಮ್ಮ ಮೆಟ್ಟಿಲಲ್ಲಿ ಎಂಟು ಮನೆ ಇತ್ತು.” ಪರಿಶೀಲಿಸಬೇಕಾದವನು ಟೋರ್ಕಿಲ್. ಮಧ್ಯಾಹ್ನ ಮೂರೂವರೆ, ಮನೆಗೆ ಹೋಗುವ ಆತುರ, ಸೇಬಿನ ಗಿಡಕ್ಕೆ ಏನೋ ಹುಳ. “ಈ ಬದಲಾವಣೆಯಲ್ಲಿ ಅರ್ಥ ಮುಟ್ಟಬೇಡ. ಅಕ್ಷರವಷ್ಟೇ ಸರಿಮಾಡು,” ಎಂದು ಬರೆದು, ‘ಇತ್ಯರ್ಥವಾಗಿದೆ’ ಎಂಬ ಗುಂಡಿ ಒತ್ತಿದ. ಒತ್ತಿದರೆ ಟಿಪ್ಪಣಿ ಮಡಚಿಕೊಳ್ಳುತ್ತದೆ. ಅಳಿಯುವುದಿಲ್ಲ, ಮಡಚಿಕೊಳ್ಳುತ್ತದೆ ಅಷ್ಟೇ. ಯಾರು ಬೇಕಾದರೂ ಬಿಚ್ಚಿ ಓದಬಹುದು. ಐದು ದಿನದಿಂದ ಅವನು ದಿನಕ್ಕೆ ನಾಲ್ಕು ಸಲ ಬಿಚ್ಚಿ ಓದಿ ಮತ್ತೆ ಮಡಚಿಡುತ್ತಿದ್ದಾನೆ. ಅವಳೂ ಬಿಚ್ಚಿ ಎಲ್ಲರಿಗೂ ತೋರಿಸಬಹುದಿತ್ತು. ತೋರಿಸಲಿಲ್ಲ. ತೋರಿಸದೆ ಅವಳು ತನಗೆ ಮರ್ಯಾದೆ ಕೊಡುತ್ತಿದ್ದಾಳೋ ತನ್ನನ್ನು ಅಳೆಯುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ, ಎರಡೂ ಒಂದೇ ಥರ ಚುಚ್ಚುತ್ತಿದ್ದವು.

ಹನ್ನೊಂದಕ್ಕೆ ವಿಬೆಕೆ ಕರೆದಳು. ಕರೆಯುತ್ತಾಳೆಂದು ಗೊತ್ತಿತ್ತು, ಯಾಕೆಂದೂ ಗೊತ್ತಿತ್ತು. ಅಮ್ರಾಳ ಮೂರು ತಿಂಗಳ ಪರೀಕ್ಷಾವಧಿ ಮುಗಿಯಲು ಎರಡೇ ವಾರ. ಕೆಲಸದಿಂದ ಕಳಿಸುವುದಾದರೆ ಎರಡು ವಾರ ಮುಂಚೆ, ಅಂದರೆ ಇವತ್ತೇ ಹೇಳಬೇಕು. ಬೆಳಗಿನ ಜಾವದಿಂದ ಅವನು ವಾಕ್ಯ ಕಟ್ಟಿಕೊಂಡೇ ಬಂದಿದ್ದ. ‘ಆ ಸಾಲು ನನ್ನದು. ಅವಳು ಎಚ್ಚರಿಸಿದ್ದಳು. ನಾನು ಬಾಯಿ ಮುಚ್ಚಿಸಿದೆ.’ ಮೂರೇ ವಾಕ್ಯ. ಸೈಕಲ್ ತುಳಿಯುತ್ತ ಹೇಳಿಕೊಂಡಿದ್ದ, ಹಲ್ಲುಜ್ಜುತ್ತ ಹೇಳಿಕೊಂಡಿದ್ದ, ನೊರೆಯ ಸಮೇತ ಕನ್ನಡಿಗೂ ಹೇಳಿದ್ದ. ವಿಬೆಕೆಯ ಕೋಣೆಯಲ್ಲಿ ಗಾಜಿನ ಗೋಡೆ. ಆಚೆ ಅಮ್ರಾಳ ಬೆನ್ನು ಕಾಣುತ್ತಿತ್ತು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲು ಕಾಣುತ್ತಿತ್ತು.

“ಆ ಮನುಷ್ಯ ಬದುಕ್ಕೊಂಡ,” ಎಂದಳು ವಿಬೆಕೆ ಮೊದಲಿಗೆ. “ತುರ್ತು ವಾರ್ಡಿಂದ ಮಾಮೂಲಿ ವಾರ್ಡಿಗೆ ಹಾಕಿದಾರೆ. ದೂರು ಕೊಡಲ್ವಂತೆ. ಕೊಡಲ್ಲ ಅನ್ನೋದಷ್ಟೇ ಅಲ್ಲ, ತೊಂದ್ರೆ ಆಯ್ತು ಕ್ಷಮಿಸಿ ಅಂತ ದಾದಿ ಹತ್ರ ಹೇಳಿದಾರಂತೆ.”

“ಒಳ್ಳೇದಾಯ್ತು,” ಎಂದ ಟೋರ್ಕಿಲ್. ಸಾಯಲಿಲ್ಲ ಎಂಬುದಕ್ಕೆ ಆದ ಸಂತೋಷ ಎಷ್ಟು, ದೂರಿಲ್ಲ ಎಂಬುದಕ್ಕೆ ಆದದ್ದು ಎಷ್ಟು ಎಂದು ಬಿಡಿಸಿ ನೋಡುವ ಧೈರ್ಯ ಅವನಿಗಾಗಲಿಲ್ಲ.

“ಆದ್ರೂ ಮೇಲಿನವ್ರಿಗೆ ನಾವು ಬರ್ದು ಕೊಡ್ಬೇಕು. ಏನಾಯ್ತು, ಏನು ಕ್ರಮ ತಗೊಂಡ್ವಿ ಅಂತ. ಎರಡು ವಾಕ್ಯ ಸಾಕು ಅವ್ರಿಗೆ. ಅಮ್ರಾ ಬಗ್ಗೆ ನೀನೇ ಹೇಳು. ದಿನಾ ಅವಳ ಕೆಲಸ ನೋಡೋನು ನೀನು.”

“ಅವಳು ಚುರುಕು,” ಎಂದ. ಸತ್ಯವನ್ನೇ ಹೇಳಿದ್ದರಿಂದ ಸ್ವಲ್ಪ ಧೈರ್ಯ ಬಂತು. “ಈ ಹತ್ತು ವರ್ಷದಲ್ಲಿ ಬಂದೋರಲ್ಲೆಲ್ಲ ಅವಳೇ ಚುರುಕು.” ಈಗ ಹೇಳಬೇಕು. ಗಾಜಿನಾಚೆ ಅವಳು ಕತ್ತು ತಿರುಗಿಸಿದಳು, ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು, ಎದೆಯಲ್ಲಿದ್ದ ಮೂರು ವಾಕ್ಯಗಳೂ ಕಲಸಿಹೋದವು. ಬೇಲಿಯ ಬಿಳಿ ಬಣ್ಣ, ಲೋನೆಯ ಮುಖ, ಆಸ್ಗರ್ ಗೋಡೆಯ ಪರದೆಯ ಮೇಲೆ ತನ್ನ ಹೆಸರು ತೆರೆದು ಕೂಗುವುದು, ಐವತ್ತೆರಡಕ್ಕೆ ಹೊಸ ಕೆಲಸ ಹುಡುಕುವವರ ಸಾಲಿನಲ್ಲಿ ನಿಂತ ತಾನು. “ಆದ್ರೆ…” ಎಂದ.

ಆದರೆ ಎಂಬುದರ ಮುಂದೆ ಅವನ ಬಳಿ ಏನೂ ಇರಲಿಲ್ಲ. ಆ ಮೂರು ವಾಕ್ಯಕ್ಕೆ ಅದನ್ನೇ ಪೀಠಿಕೆ ಮಾಡಿಕೊಳ್ಳಬೇಕೆಂದು ಅಂದದ್ದು, ಹಾಗೆಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ವಿಬೆಕೆ ಒಳ್ಳೆಯವಳು, ಯಾರನ್ನೂ ಕಷ್ಟದ ಮಾತಿನ ನಡುವೆ ಒಂಟಿಯಾಗಿ ಬಿಡುವವಳಲ್ಲ. “ಆದ್ರೆ ಇನ್ನೂ ಪಕ್ವ ಆಗಿಲ್ಲ, ಅದೇ ತಾನೆ?” ಎಂದು ಅವನ ವಾಕ್ಯವನ್ನು ತಾನೇ ಮುಗಿಸಿದಳು. “ಹೇಳೋಕೆ ನಿಂಗೆಷ್ಟು ಕಷ್ಟ ಆಗ್ತಿದೆ ಅಂತ ಕಾಣ್ಸುತ್ತೆ ಟೋರ್ಕಿಲ್. ನಂಗೂ ಅಷ್ಟೆ. ಜನರ ಜೀವದ ವಿಷ್ಯ ಇದು. ಒಂದು ಗಂಟೆಗೆ ನಾನೇ ಅವಳ ಹತ್ರ ಮಾತಾಡ್ತೀನಿ, ನೀನು ಬರ್ಬೇಕಾಗಿಲ್ಲ.” ಅವನ ತೋಳು ಮುಟ್ಟಿದಳು. ಟೋರ್ಕಿಲ್ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಗೊತ್ತಾಗದ ಹಾಗೆ ಆಡಿಸಿದೆ ಎಂದುಕೊಂಡ. ನೋಡುವವರಿಗೆ ಅದು ಹೌದೆಂದೇ ಕಾಣುತ್ತಿತ್ತು. ಹೊರಗೆ ಬಂದು ಶೌಚಾಲಯಕ್ಕೆ ಹೋಗಿ ಕೈ ತೊಳೆದ. ಸೋಪು ಮುಗಿದಿತ್ತು, ನೀರಿನಲ್ಲೇ ತೊಳೆದ.

ಊಟದ ಹೊತ್ತಿಗೆ ಅವನು ಮನೆಯಿಂದ ತಂದ ಕಪ್ಪು ರೈ ಬ್ರೆಡ್ಡಿನ ತುಂಡುಗಳನ್ನು ತೆರೆದು ಕೂತ. ಮೇಲೆ ಬೇಯಿಸಿದ ಮೊಟ್ಟೆ, ಲೋನೆ ಜೋಡಿಸಿ ಕೊಟ್ಟದ್ದು. ಅಮ್ರಾ ಸೇರಿದ ಮೊದಲ ವಾರ ಇದೇ ಮೇಜಿನಲ್ಲಿ ಅವಳ ಎದುರು ಅವನೇ ಹೋಗಿ ಕೂತಿದ್ದ. ಹೊಸ ಹುಡುಗಿ ಹೆದರಿದ್ದಾಳೆ, ಹಗುರ ಮಾಡೋಣ ಎಂದು. ಅವಳ ಅಪ್ಪ ಅಮ್ಮ ಬೋಸ್ನಿಯಾದಿಂದ ಓಡಿಬಂದವರು, ಅವಳು ಹುಟ್ಟಿದ್ದು ಇಲ್ಲೇ, ಇದೇ ಓರ್ಹುಸ್ ಊರಿನ ಪಶ್ಚಿಮದ ಕಟ್ಟಡಗಳಲ್ಲಿ. “ಎಷ್ಟನೇ ಮಹಡಿ?” ಎಂದು ಕೇಳಿದ್ದ. “ಮೂರು, ಎಡಕ್ಕೆ,” ಎಂದಿದ್ದಳು ಸಂಕೋಚದಿಂದ. “ನಾನು ಮೂರು, ಬಲಕ್ಕೆ! ಬೇರೆ ಕಟ್ಟಡ, ಬೇರೆ ಕಾಲ. ನಾವಿಬ್ರೂ ಎದುರುಬದುರು ಬಾಗಿಲಿನವ್ರು ಅನ್ಕೋ,” ಎಂದು ನಕ್ಕಿದ್ದ. ಅವಳ ಮುಖ ಅರಳಿತ್ತು. ತಾನು ಎಲ್ಲಿಂದ ಬಂದವನೆಂದು ಹೇಳಿಕೊಳ್ಳುವುದು ಎಷ್ಟು ಹಿತವಾಗಿತ್ತು ಆಗ, ಹಿಂದಿರುಗಿ ಹೋಗಬೇಕಿಲ್ಲದವನಿಗೆ ಅದು ಹಿತವಾಗಿಯೇ ಇರುತ್ತದೆ. “ಏನಾದ್ರೂ ಬೇಕಾದ್ರೆ ಬಾಗಿಲು ತಟ್ಟು,” ಎಂದೂ ಹೇಳಿದ್ದ. ಹೇಳಿದ್ದನ್ನು ಅವಳು ನಂಬಿ, ಎರಡನೆಯ ತಿಂಗಳಲ್ಲಿ ಆ ಟಿಪ್ಪಣಿ ಬರೆದಿದ್ದಳು. ಈಗ ಅವನು ಅರ್ಧ ತಿಂದ ತುಂಡನ್ನು ಹಾಗೆಯೇ ಮುಚ್ಚಿಟ್ಟ. ಒಂದು ಗಂಟೆಗೆ ಗಾಜಿನ ಕೋಣೆಯ ಪರದೆ ಇಳಿಯಿತು. ಒಂದೂ ಇಪ್ಪತ್ತಕ್ಕೆ ಏರಿತು. ಅಮ್ರಾ ಹೊರಗೆ ಬಂದು, ಯಾರ ಕಡೆಯೂ ನೋಡದೆ ತನ್ನ ಮೇಜಿಗೆ ಹೋಗಿ ಟೈಪ್ ಮಾಡತೊಡಗಿದಳು. ಇಷ್ಟೆಲ್ಲ ಆದ ಮೇಲೆ ಅವಳು ಏನು ಟೈಪ್ ಮಾಡುತ್ತಿದ್ದಾಳೆ ಎಂದು ಟೋರ್ಕಿಲನಿಗೆ ಭಯವಾಯಿತು. ಎಲ್ಲರಿಗೂ ಪತ್ರ ಬರೆಯುತ್ತಿರಬಹುದು, ಆ ಮಡಚಿಟ್ಟ ಟಿಪ್ಪಣಿ ಬಿಚ್ಚಿ ಅಂಟಿಸಿ. ಬರೆಯಲಿ ಎಂದೂ ಅನ್ನಿಸಿತು. ಬರೆದರೆ ತಾನು ಬಾಯಿ ಬಿಡಬೇಕಾಗಿಲ್ಲ.

ಎರಡು ಗಂಟೆಗೆ ಅವಳೇ ಡಬ್ಬಿ ತೆರೆದಳು. ಕನಸಿನ ಕೇಕ್ ಎನ್ನುತ್ತಾರೆ ಇದಕ್ಕೆ, ಮೇಲೆ ಕೊಬ್ಬರಿ ಮತ್ತು ಕಂದು ಸಕ್ಕರೆಯ ದಪ್ಪ ಪದರ, ಪ್ರತಿ ಮನೆಯಲ್ಲೂ ಅಜ್ಜಿಯರು ಮಾಡುವಂಥದ್ದು. ಅವಳನ್ನು ಕೆಲಸದಿಂದ ಕಳಿಸಿರುವುದು ಯಾರಿಗೂ ಇನ್ನೂ ಗೊತ್ತಿರಲಿಲ್ಲ, ವಿಬೆಕೆಗೂ ಟೋರ್ಕಿಲನಿಗೂ ಬಿಟ್ಟರೆ. ವಿಬೆಕೆ ಅದೇ ಹೊತ್ತಿಗೆ ಯಾವುದೋ ಫೋನು ಬಂತೆಂದು ಹೊರಗೆ ಹೋದಳು.

“ಭಾಷಣ, ಭಾಷಣ!” ಎಂದ ಆಸ್ಗರ್. ಕೇಕ್ ತಂದವರು ತಮ್ಮ ತಪ್ಪೇನೆಂದು ಹೇಳಿ ಎಲ್ಲರನ್ನೂ ನಗಿಸಬೇಕು, ಅದೂ ಕಟ್ಟಳೆಯೇ.

ಅಮ್ರಾ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದಳು. “ನನ್ನ ತಪ್ಪೇನಂದ್ರೆ,” ಎಂದಳು, “ಒಂದು ಸಲ ಕೇಳಿ ಸುಮ್ನಾಗ್ಬಿಟ್ಟೆ. ಎರಡನೇ ಸಲ ಕೇಳ್ಬೇಕಿತ್ತು.”

“ಏನು ಕೇಳ್ಬೇಕಿತ್ತು? ಯಾರ್ನ?” ಎಂದ ಆಸ್ಗರ್.

ಟೋರ್ಕಿಲ್ ತಲೆಯೆತ್ತಿದ. ಇಡೀ ಕೋಣೆ ತನ್ನ ಕಡೆ ತಿರುಗಿದೆ ಅನ್ನಿಸಿತು, ನೋಡಿದರೆ ಎಲ್ಲರೂ ಕೇಕನ್ನು ನೋಡುತ್ತಿದ್ದರು. ಇದೇ ಕೊನೆಯ ಅವಕಾಶ, ನನ್ನನ್ನ ಎಂದು ಒಂದು ಮಾತು ಅಂದರೆ ಸಾಕು. ಅವಳು ಆ ಒಂದು ಮಾತಿಗೆ ಜಾಗ ಬಿಟ್ಟು ನಿಂತಿದ್ದಳು, ಚಾಕು ಕೈಯಲ್ಲಿ ಹಾಗೆಯೇ ಇತ್ತು. ಅವನು ಹೋಗಿ ತಟ್ಟೆಗಳನ್ನು ಎತ್ತಿ ಹಂಚತೊಡಗಿದ.

“ಯಾರ್ನಾದ್ರೂ,” ಎಂದಳು ಅಮ್ರಾ, ಕತ್ತರಿಸಲು ಶುರುಮಾಡಿದಳು.

ಎಲ್ಲರೂ ತಿಂದರು, ಹೊಗಳಿದರು. “ಇಷ್ಟು ಚೆನ್ನಾಗಿ ಮಾಡೋದಾದ್ರೆ ವಾರಕ್ಕೊಂದು ತಪ್ಪು ಮಾಡು ಕಣೆ,” ಎಂದ ಆಸ್ಗರ್, ಎರಡನೆಯ ತುಂಡಿಗೆ ಕೈಹಾಕುತ್ತ. ಅವಳು ನಕ್ಕಳು ಕೂಡ. ಟೋರ್ಕಿಲನ ತಟ್ಟೆಗೆ ಬಡಿಸುವಾಗ ಅಂಚಿನ ತುಂಡನ್ನಲ್ಲ, ನಡುವಿನ ಮೆದುವಾದದ್ದನ್ನು ಹಾಕಿದಳು. “ಹೋಗೋಕ್ ಮುಂಚೆ ಒಂದು ಕೆಲ್ಸ ಕಳಿಸ್ತೀನಿ, ನೋಡಿ ಒಪ್ಪಿಗೆ ಕೊಟ್ಬಿಡು,” ಎಂದಳು ಮೆಲ್ಲಗೆ. “ಅರ್ಧ ಬಿಟ್ಟು ಹೋಗೋಕಾಗಲ್ಲ. ಸೋಮವಾರ ಆಸ್ಗರ್ ಹಾಕಿದ್ದು ಬರೀ ತೇಪೆ, ಮತ್ತೆ ಕಿತ್ಕೊಳ್ಳುತ್ತೆ.”

“ಅಮ್ರಾ, ನಾನು…”

“ಮೂರು ಗಂಟೆ ಒಳಗೆ ಕೊಟ್ರೆ ಒಳ್ಳೇದು. ಮೂರೂವರೆಗೆ ನನ್ನ ಲಾಗಿನ್ ತೆಗೀತಾರಂತೆ.”

ಮೂರಕ್ಕೆ ಐದು ನಿಮಿಷವಿರುವಾಗ ಅದು ಬಂತು. ಅವನು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತೆರೆದ. ಅಚ್ಚುಕಟ್ಟಾದ ಕೆಲಸ. ಎರಡು ತುಂಡಿನ ಗಂಟಿದ್ದ ಕಡೆ ಈಗ ನಾಲ್ಕು ತುಂಡು, ಒಂದೊಂದಕ್ಕೂ ಹೆಸರು: ರಸ್ತೆ, ಸಂಖ್ಯೆ, ಮಹಡಿ, ಕಡೆ. ಇನ್ನು ಮುಂದೆ ನಾಲ್ಕನ್ನೂ ಕಳಿಸಿ ಎಂದು ಆಸ್ಪತ್ರೆಯವರಿಗೆ ಬರೆದ ಪತ್ರವೂ ಜೊತೆಗಿತ್ತು. ಸ್ವಂತ ಮನೆಯವರಿಗೆ ಕೊನೆಯ ಎರಡು ಖಾಲಿ ಇರಬಹುದು ಎಂದೂ ಸೂಚನೆಯಲ್ಲೇ ಬರೆದಿದ್ದಳು, ಅಂಥವರನ್ನೂ ಮರೆತಿರಲಿಲ್ಲ. ದಾದಿಯರು ಎರಡು ಸಲ ಒತ್ತಿದರೂ ಒಂದೇ ಗಾಡಿ, ಆದರೆ ಎದುರುಬದುರು ಬಾಗಿಲಿನ ಇಬ್ಬರಿದ್ದರೆ ಇಬ್ಬರಿಗೂ ಜಾಗ. ಇದನ್ನು ಅವನು ನಾಲ್ಕು ವರ್ಷದ ಹಿಂದೆಯೇ ಬರೆಯಬಹುದಿತ್ತು, ಅರ್ಧ ಗಂಟೆಯ ಕೆಲಸ. ಕೆಳಗೆ ಇಳಿದ. ಕೊನೆಯಲ್ಲಿ ಪರೀಕ್ಷೆಯೊಂದನ್ನು ಸೇರಿಸಿದ್ದಳು, ಯಾವತ್ತೋ ಯಾರೋ ಈ ಸಾಲನ್ನು ಮತ್ತೆ ಕೆಡಿಸಿದರೆ ಕೆಂಪಾಗಿ ಕೂಗಿಕೊಳ್ಳಲೆಂದು. ಪರೀಕ್ಷೆಯ ಹೆಸರು: ಇಬ್ಬರಿಗೂ ಗಾಡಿ ಬರುತ್ತದೆ. ಅದಕ್ಕೆ ಕೊಟ್ಟ ಉದಾಹರಣೆಯಲ್ಲಿ ಒಂದು ಕಟ್ಟಡ, ಒಂದು ಮೆಟ್ಟಿಲು, ಇಬ್ಬರು ರೋಗಿಗಳು. ದೆಲಿಚ್, ಮೂರನೆಯ ಮಹಡಿ, ಎಡ. ಕ್ವಿಸ್ಟ್, ಮೂರನೆಯ ಮಹಡಿ, ಬಲ.

ಟೋರ್ಕಿಲ್ ಆ ಎರಡು ಸಾಲನ್ನು ಎಷ್ಟು ಹೊತ್ತು ನೋಡಿದನೋ. ಒದ್ದೆ ಬೆರಳಿನಿಂದ ಅಮ್ಮ ಕ್ವಿಸ್ಟ್ ಎಂದಿರುವ ಕಾಗದವನ್ನು ಎತ್ತಿಕೊಳ್ಳುವುದು, ಮಿಕ್ಕದ್ದನ್ನು ಜೋಡಿಸಿಡುವುದು. ಕೋಟು ತೊಟ್ಟು ಕಿಟಕಿಯಲ್ಲಿ ನಿಂತವನೊಬ್ಬ, ಕೆಳಗೆ ಗಾಡಿ ಬಾಗಿಲು ಹಾಕಿಕೊಂಡು ಹೋಗುವುದು. ಅವನ ಕಣ್ಣು ಮಂಜಾಯಿತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಅವಳು ತನ್ನನ್ನು ಹೊರಗೆ ಹಾಕಿರಲಿಲ್ಲ, ಎದುರುಬಾಗಿಲಿನಲ್ಲೇ ಇಟ್ಟು ತನಗೂ ಗಾಡಿ ಬರುವಂತೆ ನೋಡಿಕೊಂಡಿದ್ದಳು. ಪರದೆಯ ಕೆಳಗೆ ಖಾಲಿ ಪೆಟ್ಟಿಗೆಯೊಂದು ಮಿಣುಕುತ್ತಿತ್ತು, ಪರಿಶೀಲಕನ ಮಾತಿಗೆಂದು ಬಿಟ್ಟದ್ದು. ಇಲ್ಲಿ ಬರೆದದ್ದನ್ನು ವಿಬೆಕೆಯೂ ಓದುತ್ತಾಳೆ, ಆಸ್ಗರನೂ ಓದುತ್ತಾನೆ. ಮೂರು ವಾಕ್ಯ ಸಾಕು, ಬಾಯಿ ಬಿಡಬೇಕಾಗಿಲ್ಲ, ಬೆರಳಾಡಿಸಿದರೆ ಆಯಿತು. ‘ಆ ಸಾಲು’ ಎಂದು ಬರೆದ. ಆಗಲೇ ಇನ್ನೊಂದು ಯೋಚನೆ ಬಂತು, ಅದು ಬಂದ ವೇಗಕ್ಕೆ ಅವನಿಗೇ ಹೇಸಿಗೆಯಾಯಿತು: ಈ ಹೆಸರು ಹೀಗೆಯೇ ಉಳಿದರೆ? ಮುಂದೆ ಯಾರೋ ನೋಡಿ, ಕ್ವಿಸ್ಟ್ ಯಾಕೆ ಇಲ್ಲಿದ್ದಾನೆ ಎಂದು ಕೇಳಿದರೆ? ಕೇಳಿ, ಇತಿಹಾಸದಲ್ಲಿ ಒಂದೊಂದೇ ಮೆಟ್ಟಿಲು ಇಳಿದರೆ?

ಬರೆದದ್ದನ್ನು ಅಳಿಸಿದ. ಹೊಸದಾಗಿ ಬರೆದ: “ಪರೀಕ್ಷೆಗಳಲ್ಲಿ ನಿಜವಾದ ಹೆಸರು ಬಳಸಬಾರದು, ನಿಯಮವಿದೆ. ತೆಗೆದು ಕಳಿಸು. ಉಳಿದದ್ದು ಚೆನ್ನಾಗಿದೆ.” ನಿಯಮ ಇದ್ದದ್ದು ನಿಜ. ಕಳಿಸಿದ.

ಆರು ಮೇಜಿನಾಚೆ ಅಮ್ರಾ ಓದಿದಳು. ಓದುವಾಗ ಅವಳ ಬೆನ್ನು ನೆಟ್ಟಗಾದದ್ದು ಅವನಿಗೆ ಕಂಡಿತು. ಈ ಸಲ ಅವಳು ತಿರುಗಿ ನೋಡಲಿಲ್ಲ. ಇಡೀ ವಾರದಲ್ಲಿ ಮೊದಲ ಸಲ ಅವಳು ಅವನ ಕಡೆ ನೋಡಲಿಲ್ಲ. ಎರಡು ನಿಮಿಷಕ್ಕೆ ತಿದ್ದುಪಡಿ ಬಂತು. ದೆಲಿಚ್ ಇದ್ದಲ್ಲಿ ‘ಒಂದನೆಯ ರೋಗಿ’ ಎಂದಿತ್ತು, ಕ್ವಿಸ್ಟ್ ಇದ್ದಲ್ಲಿ ‘ಎರಡನೆಯ ರೋಗಿ’. ಎಲ್ಲ ಪರೀಕ್ಷೆಗಳೂ ಹಸಿರಾದವು. ಟೋರ್ಕಿಲ್ ಒಪ್ಪಿಗೆಯ ಗುಂಡಿ ಒತ್ತಿದ.

ಅವಳು ಅಡುಗೆಕಟ್ಟೆಯಲ್ಲಿ ಡಬ್ಬಿ ತೊಳೆದು, ಒರೆಸಿ, ಯಾರೋ ಹೇಳಿದ ಮಾತಿಗೆ ಹೂಂ ಅಂದು, ಕೋಟು ತೊಟ್ಟುಕೊಂಡು ಹೋದಳು. ಅವನು ಕಿಟಕಿಗೆ ಬಂದು ನಿಂತ. ಕೆಳಗೆ ಚಪ್ಪರದಡಿ ಅವಳು ಒಂದೇ ಕೈಯಲ್ಲಿ ಬೀಗ ತೆಗೆಯುತ್ತಿದ್ದಳು, ಇನ್ನೊಂದರಲ್ಲಿ ಡಬ್ಬಿ. ಇವತ್ತು ಎರಡನೆಯ ಸಲ ಅವನು ಅದನ್ನು ನೋಡಿದ. ಸೈಕಲ್ ಗೇಟು ದಾಟಿ ಹೋಯಿತು.

“ಇದು ತಿನ್ನಲ್ವಾ ನೀನು?” ಹಿಂದಿನಿಂದ ಬಂದ ಆಸ್ಗರ್ ಅವನ ಮೇಜಿನ ಮೇಲಿದ್ದ ತಟ್ಟೆ ತೋರಿಸಿದ.

“ತಿಂತೀನಿ,” ಎಂದ ಟೋರ್ಕಿಲ್. ನಿಂತೇ ತಿಂದ, ಪೂರ್ತಿ ತಿಂದ. ತುಂಬ ಚೆನ್ನಾಗಿತ್ತು.